ಬೆಟ್ಟದೊಳಗೆ ಗುಹೆ ಕೊರೆದರೆ ಹೊರಗೆ ಏನು ತೊಂದರೆ?

ನಿಮ್ಮ ಪ್ರಶ್ನೆ ಇಷ್ಟು: ಪ್ರಯೋಗಾಲಯಕ್ಕೋ ತೈಲ ತುಂಬಿಡೋಕೋ ಕೊರೆಯುವ ಗುಹೆ ಇರೋದು ಬೆಟ್ಟದ ಹೊಟ್ಟೆಯೊಳಗೆ, ಮೇಲಿನ ಕಾಡಿಗೆ ಯಾರೂ ಕೈ ಹಚ್ಚುವುದಿಲ್ಲ, ಮತ್ತೆ ಪರಿಸರದ ಹೆಸರಲ್ಲಿ ಇಷ್ಟೊಂದು ಅಧ್ಯಯನ, ಅನುಮತಿ ಯಾಕೆ? ನಾನು ಬಂಡೆ, ಸುರಂಗದ ಕೆಲಸದಲ್ಲೇ ಇರುವವನು, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಗುಹೆಯಿಂದ ಆಗುವ ತೊಂದರೆ ಕಡಿಮೆ. ಅದರೊಳಗೆ ಇಳಿದು ಬರುವ ನೀರು, ಅದರಿಂದ ಹೊರಗೆ ಬರುವ ಕಲ್ಲು, ತಲೆನೋವು ಇವೆರಡರದ್ದು. ಇವೆರಡೂ ಎಷ್ಟು ಕಾಡುತ್ತವೆ ಅನ್ನೋದು ಜಾಗ ಆರಿಸುವಾಗಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಮೊದಲು ಕಲ್ಲಿನ ಲೆಕ್ಕ ಹಾಕೋಣ. 100 ಮೀಟರ್ ಉದ್ದ, 25 ಮೀಟರ್ ಅಗಲ, 20 ಮೀಟರ್ ಎತ್ತರದ ಗುಹೆ ಅಂದುಕೊಳ್ಳಿ. 50,000 ಘನ ಮೀಟರ್ ಬಂಡೆ ತೆಗೆಯಬೇಕು. ಅಲ್ಲಿಗೆ ತಲುಪೋಕೆ ದಾರಿ ಬೇಕಲ್ಲ? ಲಾರಿ ಓಡಾಡುವಂಥ 7 ಮೀಟರ್ ಅಗಲ, 7 ಮೀಟರ್ ಎತ್ತರದ ಸುರಂಗ 2 ಕಿಲೋಮೀಟರ್ ಹೋದರೆ ಅದೊಂದರಿಂದಲೇ 98,000 ಘನ ಮೀಟರ್. ಗುಹೆಗಿಂತ ಅದರ ದಾರಿಯಿಂದಲೇ ಹೆಚ್ಚುಕಮ್ಮಿ ಎರಡು ಪಟ್ಟು ಕಲ್ಲು ಬರುತ್ತದೆ. ಇನ್ನು ಸಿಡಿಸಿದ ಬಂಡೆ ಮೊದಲಿನಷ್ಟೇ ಜಾಗದಲ್ಲಿ ಕೂರುವುದಿಲ್ಲ, ಪುಡಿಯಾದ ಮೇಲೆ ಸುಮಾರು ಒಂದೂವರೆ ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. 1.6 ಪಟ್ಟು ಅಂತ ಹಿಡಿದರೂ ಒಟ್ಟು 2.3 ಲಕ್ಷ ಘನ ಮೀಟರ್ ದಾಟುತ್ತದೆ. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಅಂದರೆ 23,000ಕ್ಕೂ ಹೆಚ್ಚು ಲೋಡ್, ಹೋಗುವುದು ಬರುವುದು ಸೇರಿದರೆ ಅದರ ಎರಡರಷ್ಟು ಸಲ ಆ ರಸ್ತೆಯಲ್ಲಿ ಗಾಡಿ ಓಡಾಡುತ್ತದೆ. ನೆಲದಡಿಯ ಯೋಜನೆಯಲ್ಲೂ ರಸ್ತೆ, ಧೂಳು, ರಾತ್ರಿ ಸದ್ದು ಇವೇ ಮೊದಲು ಎದುರಾಗೋದು ಇದಕ್ಕೇ.

ಇದಕ್ಕೆ ಒಳ್ಳೆಯ ಉದಾಹರಣೆ ಭಾರತದ ನ್ಯೂಟ್ರಿನೋ ಪ್ರಯೋಗಾಲಯ, ಅಂದರೆ ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣಗಳನ್ನು ಬೆಟ್ಟದಡಿಯ ಗುಹೆಯಲ್ಲಿ ಅಧ್ಯಯನ ಮಾಡುವ ಯೋಜನೆ. ಮೊದಲು ಆರಿಸಿದ್ದು ನೀಲಗಿರಿಯ ಸಿಂಗಾರ. ಅಲ್ಲಿ ಆಗಲೇ ನೆಲದಡಿ ಜಲವಿದ್ಯುತ್ ಕೇಂದ್ರ ಇದ್ದದ್ದರಿಂದ ಬಂಡೆ ಹೇಗಿದೆ ಅಂತ ಗೊತ್ತಿತ್ತು, ಎಂಜಿನಿಯರ್ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗೋದು ಕಷ್ಟ. ಆದರೆ ಅದು ಮುದುಮಲೈ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡ ಜಾಗ, ಆನೆಗಳು ಓಡಾಡುವ ಸೀಮೆ. 2009ರಲ್ಲಿ ಪರಿಸರ ಸಚಿವಾಲಯ ಆಗಲ್ಲ ಅಂತು. ಆಮೇಲೆ ಯೋಜನೆ ತೇಣಿ ಜಿಲ್ಲೆಯ ಕಡೆ ಹೋಯಿತು, ಅಲ್ಲಿನ ವಿರೋಧ, ಕೋರ್ಟು ಎಲ್ಲ ಬೇರೆಯದೇ ಕಥೆ. ನಾನು ಹೇಳಬೇಕಾದ್ದು ಇಷ್ಟೇ: ಬಂಡೆ ಎಷ್ಟೇ ಗಟ್ಟಿಯಿರಲಿ, ಸುರಂಗದ ಬಾಯಿ ಎಲ್ಲಿ ತೆರೆದುಕೊಳ್ಳುತ್ತದೆ, ಅಲ್ಲಿಂದ ಮುಖ್ಯರಸ್ತೆಗೆ ಲಾರಿ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನೋದೂ ಅಷ್ಟೇ ಮುಖ್ಯ.

ಕಲ್ಲನ್ನು ಎಲ್ಲಿ ಹಾಕುತ್ತಾರೆ? ಗಟ್ಟಿ ಕಲ್ಲಾದರೆ ಜಲ್ಲಿ ಮಾಡಿ ಅಲ್ಲೇ ಕಾಂಕ್ರೀಟಿಗೆ ಬಳಸಬಹುದು, ಅದೇ ಒಳ್ಳೆಯದು. ಆದರೆ ಹತ್ತಿರದ ಹಳ್ಳಕ್ಕೆ ಸುರಿದರೆ ಮೊದಲ ಮಳೆಗೇ ಕೆಳಗೆ ಹರಿದು ಹೋಗುತ್ತದೆ. ಬಂಡೆಯಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇದ್ದರಂತೂ ಗಾಳಿ, ನೀರು ತಾಗಿ ಆಮ್ಲ ಆಗುತ್ತದೆ, ಆ ನೀರು ಲೋಹಗಳನ್ನೂ ಕರಗಿಸಿಕೊಂಡು ಇಳಿಯುತ್ತದೆ. ಇದು ಮೊದಲೇ ಗೊತ್ತಾಗಬೇಕಾದ ವಿಷಯ, ರಾಶಿ ಹಾಕಿದ ಮೇಲಲ್ಲ.

ಈಗ ನೀರಿಗೆ ಬರೋಣ, ನನ್ನ ಪ್ರಕಾರ ಅಸಲಿ ವಿಷಯ ಇದೇ. ಗಟ್ಟಿ ಬಂಡೆಯಲ್ಲಿ ನೀರು ಇರೋದು ಬಿರುಕುಗಳಲ್ಲಿ ಮಾತ್ರ. ಕೊರೆದು ತೆಗೆದ ಕಲ್ಲಿನ ಕಂಬಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರೆ, ಕೋರ್ ಬಾಕ್ಸ್ ಅಂತೀವಿ. ನಾನು ಅದರಲ್ಲಿ ಮೊದಲು ನೋಡೋದು ಬಿರುಕಿನ ಮುಖಗಳನ್ನು. ಬಿರುಕು ಒಣಗಿ ಚೊಕ್ಕಟವಾಗಿದ್ದರೆ ಸಮಾಧಾನ. ತುಕ್ಕಿನ ಥರ ಕಂದು ಬಣ್ಣ ಕೂತಿದ್ದರೆ ಆ ದಾರಿಯಲ್ಲಿ ನೀರು ಓಡಾಡಿದೆ ಅಂತ ಅರ್ಥ. ಆಮೇಲೆ ಅದೇ ಬೋರ್‌ನಲ್ಲಿ ಒಂದೊಂದು ಭಾಗವನ್ನೇ ಮುಚ್ಚಿ ಒತ್ತಡದಲ್ಲಿ ನೀರು ಬಿಟ್ಟು, ಬಂಡೆ ಎಷ್ಟು ಕುಡಿಯುತ್ತದೆ ಅಂತ ಅಳೆಯುತ್ತಾರೆ. ಈ ಪರೀಕ್ಷೆಗೆ ದುಡ್ಡು ಉಳಿಸೋಕೆ ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಯಾಕಂದ್ರೆ ಗುಹೆ ಕೊರೆದ ತಕ್ಷಣ ಸುತ್ತಲಿನ ನೀರಿಗೆ ಅದೇ ತಗ್ಗು. ಬಿರುಕುಗಳ ಮೂಲಕ ಮೇಲಿನ ಬಾವಿ, ಒರತೆ, ಕೆರೆ ಎಲ್ಲದರ ನೀರೂ ಆ ಕಡೆ ಜಾರಬಹುದು. ಮೇಲೆ ಜೇಡಿಮಣ್ಣಿನ ಪದರ ಇದ್ದು ಅದರ ನೀರು ಇಳಿದುಹೋದರೆ ನೆಲ ಕುಸಿದು ಮನೆಗಳು ಬಿರುಕು ಬಿಡುತ್ತವೆ. ತಡೆಯುವ ದಾರಿ ಇದೆ. ಸಿಡಿಸುವ ಮೊದಲೇ ಮುಂದಿನ ಬಂಡೆಗೆ ಉದ್ದುದ್ದ ರಂಧ್ರ ಕೊರೆದು ಒತ್ತಡದಲ್ಲಿ ಸಿಮೆಂಟ್ ಹಾಲು ತುಂಬಿಸುವುದು, ಅಂದರೆ ಗ್ರೌಟಿಂಗ್. ಇದು ಮುಂಚೆಯೇ ಆಗಬೇಕು. ನೀರು ನುಗ್ಗಿದ ಮೇಲೆ ಮುಚ್ಚೋಕೆ ಹೋದರೆ ಖರ್ಚು ಜಾಸ್ತಿ, ಫಲ ಕಡಿಮೆ, ಇಲ್ಲಿ ಮುಚ್ಚಿದರೆ ಅಲ್ಲಿ ಚಿಮ್ಮುತ್ತದೆ.

ಸ್ವೀಡನ್ನಿನ ಹಾಲಂಡ್ಸೋಸ್ ರೈಲು ಸುರಂಗದ ಕಥೆ ನಮ್ಮ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಅದು ಗುಹೆ ಅಲ್ಲ, ಆದರೆ ಪಾಠ ಒಂದೇ. 1992ರಲ್ಲಿ ಕೆಲಸ ಶುರುವಾಯಿತು. ನೀರು ಸಿಕ್ಕಾಪಟ್ಟೆ ನುಗ್ಗಿ ಮೇಲಿನ ಅಂತರ್ಜಲ ಇಳಿಯಿತು. ತಡೆಯಲು 1997ರಲ್ಲಿ ಅಕ್ರಿಲಮೈಡ್ ಇರುವ ರಾಸಾಯನಿಕ ತುಂಬಿಸಿದರು. ಅದು ಪೂರ್ತಿ ಗಟ್ಟಿಯಾಗದೆ ಹೊಳೆಗೆ ಸೇರಿ ಮೀನು ಸತ್ತವು, ನೀರು ಕುಡಿದ ದನಗಳಿಗೆ ಕಾಲು ನಿಲ್ಲದಂತಾಯಿತು, ಕೆಲಸಗಾರರ ನರಗಳಿಗೂ ತೊಂದರೆಯಾಯಿತು. ಕೆಲಸ ವರ್ಷಗಟ್ಟಲೆ ನಿಂತಿತು. ಕೊನೆಗೆ ರೈಲು ಓಡಿದ್ದು 2015ರಲ್ಲಿ.

ತಮಾಷೆ ಅಂದ್ರೆ ಕೆಲವು ಗುಹೆಗಳಿಗೆ ನೀರೇ ಕಾವಲು. ಪಾದೂರು, ಮಂಗಳೂರಿನಲ್ಲಿ ಕಚ್ಚಾತೈಲ ತುಂಬಿಡುವಂಥ ಗುಹೆಗಳಲ್ಲಿ ಸುತ್ತಲಿನ ಅಂತರ್ಜಲದ ಒತ್ತಡವೇ ಎಣ್ಣೆಯನ್ನು ಒಳಗೆ ಹಿಡಿದಿಡುತ್ತದೆ. ಅಂಥ ಕಡೆ ಮೇಲ್ಗಡೆ ಸಾಲು ರಂಧ್ರ ಕೊರೆದು ನೀರು ತುಂಬಿಸುತ್ತಲೇ ಇರಬೇಕು. ನೀರಿನ ಮಟ್ಟ ಇಳಿದರೆ ಅದು ಊರವರಿಗೂ ಕಷ್ಟ, ಗುಹೆಗೂ ಕಷ್ಟ.

ಸಿಡಿಮದ್ದಿನ ಬಗ್ಗೆ ಜನರಿಗೆ ಭಯ ಜಾಸ್ತಿ, ಆದರೆ ಹತೋಟಿಗೆ ತರೋಕೆ ಸುಲಭವಾದದ್ದು ಅದೇ. ಕಂಪನ ಎಷ್ಟಿರುತ್ತದೆ ಅನ್ನೋದು ನಿಂತಿರೋದು ಒಟ್ಟು ಮದ್ದಿನ ಮೇಲಲ್ಲ, ಒಂದೇ ಕ್ಷಣದಲ್ಲಿ ಎಷ್ಟು ಸಿಡಿಯುತ್ತದೆ ಅನ್ನೋದರ ಮೇಲೆ. ಅದಕ್ಕೇ ರಂಧ್ರಗಳನ್ನು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೆ ಒಂದು ಸಿಡಿಸುತ್ತಾರೆ. ಭಾರತದ ಗಣಿ ಸುರಕ್ಷತಾ ನಿಯಮದಲ್ಲಿ ಊರಿನ ಮನೆಗಳ ಹತ್ತಿರ ನೆಲ ಅದುರುವ ವೇಗಕ್ಕೆ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್ ಮಿತಿ ಇದೆ, ಕಂಪನದ ಆವರ್ತನ ನೋಡಿ ಬದಲಾಗುತ್ತದೆ. ಮನುಷ್ಯರಿಗೆ ಸೆಕೆಂಡಿಗೆ 1 ಮಿಲಿಮೀಟರೇ ಚೆನ್ನಾಗಿ ಗೊತ್ತಾಗುತ್ತದೆ, ಹಾಗಾಗಿ ಗೋಡೆಗೆ ಏನೂ ಆಗದಿದ್ದರೂ ಹೆದರಿಕೆ ಆಗೋದು ಸಹಜ. ಶುರು ಮಾಡುವ ಮೊದಲೇ ಅಕ್ಕಪಕ್ಕದ ಮನೆಗಳ ಹಳೆಯ ಬಿರುಕುಗಳ ಫೋಟೋ ತೆಗೆದಿಟ್ಟರೆ ಆಮೇಲಿನ ಅರ್ಧ ಜಗಳ ಇರೋದಿಲ್ಲ.

ಯಾರೂ ಕೇಳದ ಒಂದು ವಿಷಯ ಹೇಳುತ್ತೇನೆ, ಸುರಂಗದ ಬಾಯಿಂದ ಹೊರಗೆ ಹರಿಯುವ ಬೂದು ನೀರು. ಅದರಲ್ಲಿ ಕಲ್ಲಿನ ಚೂಪಾದ ಸಣ್ಣ ಪುಡಿ, ಯಂತ್ರದ ಎಣ್ಣೆ, ಉರಿಯದೆ ಉಳಿದ ಸಿಡಿಮದ್ದಿನ ಅಮೋನಿಯಂ, ನೈಟ್ರೇಟ್ ಇರುತ್ತವೆ. ಗೋಡೆಗೆ ಒತ್ತಡದಲ್ಲಿ ಹೊಡೆಯುವ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್‌ನ ಸಿಮೆಂಟಿನಿಂದ ನೀರು ಕ್ಷಾರವಾಗಿ ಅದರ ಪಿಎಚ್ 11ರ ಆಸುಪಾಸಿಗೆ ಏರಬಹುದು. ಅಷ್ಟು ಏರಿದಾಗ ಅಮೋನಿಯಂ ಅಮೋನಿಯಾ ಆಗುತ್ತದೆ, ಮೀನಿಗೆ ಅದು ವಿಷ. ನೀರು ತಿಳಿಯಾಗಲಿ ಅಂತ ಸುಮ್ನೆ ಒಂದು ಗುಂಡಿಯಲ್ಲಿ ನಿಲ್ಲಿಸಿದರೆ ಪುಡಿ ಕೆಳಗೆ ಕೂರುತ್ತದೆ ಅಷ್ಟೇ, ಪಿಎಚ್ ಇಳಿಯುವುದಿಲ್ಲ. ಎಣ್ಣೆ ಬೇರೆ ಮಾಡಬೇಕು, ಪಿಎಚ್ ಇಳಿಸಬೇಕು, ಆಮೇಲೆ ಹೊರಗೆ ಬಿಡಬೇಕು.

ನಿಮ್ಮ ಹತ್ತಿರ ಇಂಥ ಯೋಜನೆಯ ವರದಿ ಏನಾದರೂ ಇದ್ದರೆ ದಪ್ಪ ನೋಡಿ ಹೆದರಬೇಡಿ. ಮೊದಲು ಬಾವಿ, ಒರತೆಗಳ ನೀರಿನ ಮಟ್ಟದ ಪಟ್ಟಿ ಹುಡುಕಿ. ಕೆಲಸ ಶುರುವಾಗುವ ಮುಂಚೆ ಕಡಿಮೆ ಅಂದ್ರೂ ಒಂದು ಪೂರ್ತಿ ವರ್ಷ, ಬೇಸಿಗೆಯೂ ಸೇರಿ, ಅಳೆದಿರಬೇಕು. ಮಳೆಗಾಲದಲ್ಲಿ ಒಂದೇ ಸಲ ಅಳೆದು ಬಿಟ್ಟಿದ್ದರೆ ಮುಂದೆ ಬಾವಿ ಬತ್ತಿದಾಗ ಅದು ಗುಹೆಯಿಂದಲೋ ಬರಗಾಲದಿಂದಲೋ ಅಂತ ಯಾರೂ ತೋರಿಸೋಕಾಗಲ್ಲ. ಜೊತೆಗೆ, ಒಳಗೆ ನಿಮಿಷಕ್ಕೆ ಎಷ್ಟು ಲೀಟರ್ ಸೋರಿದರೆ ಕೆಲಸ ನಿಲ್ಲಿಸುತ್ತೀರಿ ಅಂತ ಕೇಳಿ, ಆ ಸಂಖ್ಯೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.