ರಿಫೈನರಿ ಊರಲ್ಲೇ ಇದೆ, ಕೆಲಸ ಯಾಕಿಲ್ಲ?

ಪ್ರಶ್ನೆ: ಸರ್, ಎಂಆರ್‌ಪಿಎಲ್ ನಮ್ಮ ಹತ್ರವೇ ಉಂಟು, ಪೆಟ್ರೋಕೆಮಿಕಲ್ ಜೋರು ಬೆಳೀತಾ ಉಂಟು ಅಂತಾರೆ. ಆದ್ರೆ ನಮ್ಮ ಹುಡುಗ್ರು ಕೆಲ್ಸಕ್ಕೆ ಗಲ್ಫಿಗೋ ಗುಜರಾತಿಗೋ ಹೋಗ್ಬೇಕು, ಯಾಕೆ ಹೀಗೆ? ಮಗಂದು ಎಸ್ಸೆಸ್ಸೆಲ್ಸಿ ಆಯ್ತು, ಪ್ಲಾಸ್ಟಿಕ್ ಡಿಪ್ಲೊಮಾಕ್ಕೆ ಸೇರಿಸ್ಬಹುದಾ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಧಾರಾಳವಾಗಿ ಸೇರಿಸಿ, ಆದ್ರೆ ಬರೀ ರಿಫೈನರಿ ಗೇಟ್ ನೋಡ್ಕೊಂಡು ಸೇರಿಸ್ಬೇಡಿ.

ಎಂಆರ್‌ಪಿಎಲ್ ರಿಫೈನರಿ 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಕಚ್ಚಾ ತೈಲದಿಂದ ಶುರುವಾಗಿದ್ದು ಈಗ ಒಂದೂವರೆ ಕೋಟಿ ಟನ್ ಸಾಮರ್ಥ್ಯಕ್ಕೆ ಬಂದಿದೆ ನಿಜ, ಆದ್ರೆ ಹೆಚ್ಚೂಕಮ್ಮಿ ಇಪ್ಪತ್ತು ವರ್ಷ ಅಲ್ಲಿ ಆಗ್ತಿದ್ದಿದ್ದು ಮುಖ್ಯವಾಗಿ ಪೆಟ್ರೋಲು, ಡೀಸೆಲ್ಲು. ಪೆಟ್ರೋಕೆಮಿಕಲ್, ಅಂದ್ರೆ ಪ್ಲಾಸ್ಟಿಕ್ಕು, ಪಾಲಿಯೆಸ್ಟರ್‌ಗೆ ಬೇಕಾದ ಕಚ್ಚಾ ಮಾಲು, ದೊಡ್ಡದಾಗಿ ಬಂದಿದ್ದೇ 2014ರಲ್ಲಿ, ಎಂಆರ್‌ಪಿಎಲ್ ಜೊತೆಗಿನ ಓಎಂಪಿಎಲ್ ಕಂಪನಿ ಪ್ಯಾರಾಕ್ಸೈಲೀನ್ ಅನ್ನೋ ರಾಸಾಯನಿಕ ಮಾಡೋಕೆ ಶುರು ಮಾಡಿದ್ಮೇಲೆ. ಮರುವರ್ಷ ವರ್ಷಕ್ಕೆ 4.4 ಲಕ್ಷ ಟನ್ನಿನ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಘಟಕ ಬಂತು. ಪ್ಯಾರಾಕ್ಸೈಲೀನ್‌ನಿಂದ ಪಿಟಿಎ ಅನ್ನೋ ಪುಡಿ, ಪಿಟಿಎಯಿಂದ ಪಾಲಿಯೆಸ್ಟರ್ ಬಟ್ಟೆ, ನೀರಿನ ಬಾಟಲಿ ಎಲ್ಲ ಆಗುತ್ತೆ, ಆದ್ರೆ ಮಂಗಳೂರಲ್ಲಿ ಜೆಬಿಎಫ್ ಅನ್ನೋ ಕಂಪನಿ ಕಟ್ಟಿದ ಪಿಟಿಎ ಪ್ಲಾಂಟ್ ಶುರುವಾಗದೆ ವರ್ಷಗಟ್ಟಲೆ ನಿಂತೇ ಇತ್ತು, 2023ರಲ್ಲಿ ಸರ್ಕಾರಿ ಕಂಪನಿ ಗೇಲ್ ಅದನ್ನ ತಗೊಂಡಿತು. ಆ ಪ್ಲಾಂಟ್ ನಡೀದಿದ್ರೆ ಮಾಲು ಹೊರಗೆ ಹೋಗ್ಬೇಕು, ಅದರ ಮುಂದಿನ ಕೆಲಸಗಳೂ ಅದರ ಜೊತೆಗೇ ಹೋಗ್ತವೆ. ನನಗೆ ಬೇಜಾರಾಗೋದು ಇಲ್ಲೇ.

ಇಂಥ ಪ್ಲಾಂಟು ಕಂಟ್ರೋಲ್ ರೂಮಲ್ಲಿ ಕೂತ ಕೆಲವೇ ಜನರಿಂದ ನಡೆಯುತ್ತೆ. ಕೈತುಂಬ ಕೆಲಸ ಇರೋದು ಆಮೇಲೆ, ಪಾಲಿಪ್ರೊಪಿಲೀನಿನ ಬಿಳಿ ದಾನಾ (ಸಣ್ಣ ಕಾಳು) ಕರಗಿಸಿ ಅಕ್ಕಿ ಚೀಲ, ಕುರ್ಚಿ, ಬಕೆಟ್ಟು, ಕಾರಿನ ಪಾರ್ಟು ಮಾಡೋ ಸಣ್ಣ ಸಣ್ಣ ಯೂನಿಟ್‌ಗಳಲ್ಲಿ. ಗುಜರಾತಿನ ವಡೋದರಾ ನೋಡಿ, 1960ರ ದಶಕದಲ್ಲಿ ಕೊಯಲಿ ರಿಫೈನರಿ, ಆಮೇಲೆ ಐಪಿಸಿಎಲ್ ಅನ್ನೋ ಪೆಟ್ರೋಕೆಮಿಕಲ್ ಕಂಪನಿ, ಅದಕ್ಕೆ ನಾಫ್ತಾ ಕ್ರ್ಯಾಕರ್ (ರಿಫೈನರಿಯ ನಾಫ್ತಾ ಎಣ್ಣೆಯನ್ನು ಕಾಯಿಸಿ ಒಡೆಯೋ ಘಟಕ) ಬೇರೆ. ಕ್ರ್ಯಾಕರ್ ಇದ್ರೆ ಎಥಿಲೀನ್ ಸಿಗುತ್ತೆ, ಅದರಿಂದ ಪಾಲಿಥೀನ್, ಪಿವಿಸಿ. ನಮ್ಮಲ್ಲಿ ಅದಿಲ್ಲ. ಹೊಸದು ಹಾಕೋಣ ಅಂದ್ರೆ ಜಾಗ, ನೀರು ಎರಡೂ ಕಷ್ಟ, 2019ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ರಿಫೈನರಿಯ ಕೆಲವು ಘಟಕಗಳನ್ನೇ ನಿಲ್ಲಿಸ್ಬೇಕಾಯ್ತು, ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರು ಸಿಹಿ ಮಾಡೋ ಪ್ಲಾಂಟ್ ಬಂತು.

ಹಾಗಾಗಿ ಇಂಥ ಪ್ಲಾಸ್ಟಿಕ್ ಯೂನಿಟ್‌ಗಳಿಗಾಗಿರೋ ಗಂಜಿಮಠದ ಪ್ಲಾಸ್ಟಿಕ್ ಪಾರ್ಕ್ ಬೇಗ ತುಂಬ್ಬೇಕು. 2022ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದ್ದು ಅದಕ್ಕೆ, ಕೆಲಸ ಹುಟ್ಟೋದು ಅಲ್ಲಿ, ಜನಪ್ರತಿನಿಧಿಗಳ ಹತ್ರ ಜೋರಾಗಿ ಕೇಳ್ಬೇಕಾದ್ದೂ ಅದನ್ನೇ.

ಮಗನಿಗೆ ಮೈಸೂರಿನ ಸಿಪೆಟ್ (ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸೋ ಕೇಂದ್ರ ಸರ್ಕಾರದ ಸಂಸ್ಥೆ) ನೋಡಿ, ಎಸ್ಸೆಸ್ಸೆಲ್ಸಿ ಆದವರಿಗೆ ಡಿಪ್ಲೊಮಾ ಇದೆ. ಮೋಲ್ಡ್ (ಪ್ಲಾಸ್ಟಿಕ್ಕಿಗೆ ಆಕಾರ ಕೊಡೋ ಅಚ್ಚು) ಡಿಸೈನ್ ಕಡೆ ಆಸಕ್ತಿ ಇದ್ರೆ ಅದನ್ನೇ ತಗೊಳ್ಳಲಿ, ಒಳ್ಳೆ ಮೋಲ್ಡ್ ಮಾಡೋರು ಎಲ್ಲ ಪ್ಲಾಸ್ಟಿಕ್ ಯೂನಿಟ್ಟಿಗೂ ಬೇಕು.