ಟರ್ಕಿಯ ಗಾಜಿಯಾಂಟೆಪ್‌ನಲ್ಲಿ ಎಲ್ಲಿ ಊಟ ಮಾಡಬೇಕು? ಜೊತೆಯಲ್ಲಿ ಸಸ್ಯಾಹಾರಿ ಇದ್ದರೆ?

ಎರಡು ದಿನ ಅಲ್ಲಿರುತ್ತೀರಿ, ನೀವು ಮಾಂಸ ತಿನ್ನುತ್ತೀರಿ, ನಿಮ್ಮ ಮನೆಯವರು ತಿನ್ನುವುದಿಲ್ಲ ಅಂತ ಬರೆದಿದ್ದೀರಿ. ನನ್ನ ಮೊದಲ ಸಲಹೆ: ರೂಮಿನ ಜೊತೆ ಸಿಗುವ ತಿಂಡಿಯನ್ನು ಎರಡೂ ದಿನ ಬಿಟ್ಟುಬಿಡಿ. ಆಂಟೆಪ್‌ನ (ಗಾಜಿಯಾಂಟೆಪ್‌ನ ಚಿಕ್ಕ ಹೆಸರು) ಜನ ಬೆಳಿಗ್ಗೆಯೇ ಗಟ್ಟಿಯಾಗಿ ತಿನ್ನುವವರು. ತಡವಾಗಿ ಎದ್ದರೆ ಆ ಊರಿನ ಅರ್ಧ ರುಚಿ ಕೈತಪ್ಪಿದ ಹಾಗೆಯೇ.

ನಿಮಗೆ ಬೆಯ್ರಾನ್. ಕುರಿಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸುತ್ತಾರೆ. ಬಟ್ಟಲಿನ ತಳಕ್ಕೆ ಅನ್ನ, ಅದರ ಮೇಲೆ ಈ ಮಾಂಸ, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ ಹಾಕಿ, ಬಿಸಿ ಸಾರು ಹುಯ್ದು, ಜೋರು ಉರಿಯ ಮೇಲೆ ಬಟ್ಟಲು ಸಮೇತ ಕುದಿಸಿ ತಂದಿಡುತ್ತಾರೆ. ಮೆತಾನೆತ್ ಅನ್ನುವ ಹೋಟೆಲ್ ಇದಕ್ಕೇ ಹೆಸರುವಾಸಿ. ಖಾರ ಇಷ್ಟಪಡುವ ನಮ್ಮವರಿಗೆ ಇದು ತುಂಬಾ ಹಿಡಿಸುತ್ತದೆ.

ಮನೆಯವರಿಗೆ ಕಟ್ಮೆರ್. ಹಿಟ್ಟಿನ ಉಂಡೆಯನ್ನು ಗಾಳಿಯಲ್ಲಿ ಬೀಸಿ ಬೀಸಿ, ಆ ಕಡೆಯದು ಈ ಕಡೆ ಕಾಣುವಷ್ಟು ತೆಳ್ಳಗೆ ಮಾಡುತ್ತಾರೆ. ಒಳಗೆ ಕೆನೆ, ಪಿಸ್ತಾ, ಸಕ್ಕರೆ ತುಂಬಿ ಮಡಚಿ ಒಲೆಗೆ ಹಾಕುತ್ತಾರೆ. ಮದುವೆಯ ಮಾರನೇ ಬೆಳಿಗ್ಗೆ ಹೊಸ ಜೋಡಿಗೆ ಇದನ್ನೇ ತಿನ್ನಿಸುವ ಪದ್ಧತಿ ಅಲ್ಲಿದೆ. ಕಟ್ಮೆರ್ಜಿ ಜೆಕೆರಿಯಾ ಅಂತ ಕೇಳಿ, ಯಾರಾದರೂ ದಾರಿ ತೋರಿಸುತ್ತಾರೆ. ಇಬ್ಬರಿಗೆ ಒಂದೇ ಸಾಕು, ಜಾಸ್ತಿ ಹೇಳಬೇಡಿ.

ಬೀದಿಯಲ್ಲಿ ಕಡಲೆಕಾಳು ಸುತ್ತಿದ ರೊಟ್ಟಿಯನ್ನೂ ಮಾರುತ್ತಾರೆ, ನೋಹುತ್ ದುರುಮ್ ಅಂತ. ನೋಡಿದರೆ ಪೂರ್ತಿ ಸಸ್ಯಾಹಾರ. ಆದರೆ ಕಾಳನ್ನು ಎಷ್ಟೋ ಕಡೆ ಮೂಳೆಯ ಸಾರಿನಲ್ಲಿ ಬೇಯಿಸುತ್ತಾರೆ. ಸೂಪು, ಅನ್ನ, ಬೇಳೆ ಎಲ್ಲಕ್ಕೂ ಇದೇ ಎಚ್ಚರಿಕೆ ಬೇಕು. ‘ಎತ್ ಸುಯು ವಾರ್ ಮಿ?’ ಅಂತ ಕೇಳಿ, ಮಾಂಸದ ಸಾರು ಇದೆಯಾ ಅಂತ ಅರ್ಥ. ಸುಮ್ನೆ ‘ಮಾಂಸ ಬೇಡ’ ಅಂದರೆ ಮೇಲಿನ ತುಂಡುಗಳನ್ನಷ್ಟೇ ತೆಗೆದು ಕೊಟ್ಟಾರು.

ಮಧ್ಯಾಹ್ನಕ್ಕೆ ತಾಮ್ರದ ಪಾತ್ರೆಗಳ ಹಳೇ ಬಜಾರಿನ ಕಡೆ ಹೋಗಿ, ಇಮಾಮ್ ಚಾದಾಶ್‌ನಲ್ಲಿ ಕೂರಿ. 1887ರಿಂದ ನಡೆಯುತ್ತಿರುವ ಹೋಟೆಲ್ ಅದು. ಪ್ರವಾಸಿಗರು ತುಂಬಿರುತ್ತಾರೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಊರಿನವರೂ ಅಷ್ಟೇ ಜನ ತಿನ್ನುತ್ತಿರುತ್ತಾರೆ, ನಾನಂತೂ ಧೈರ್ಯವಾಗಿ ಹೋಗಿ ಅಂತಲೇ ಹೇಳುತ್ತೇನೆ. ಅಲಿ ನಾಜಿಕ್ ತೆಗೆದುಕೊಳ್ಳಿ: ಸುಟ್ಟ ಬದನೆಕಾಯಿಯನ್ನು ಬೆಳ್ಳುಳ್ಳಿ ಮೊಸರಿನಲ್ಲಿ ಕಲಸಿ, ಮೇಲೆ ಮಾಂಸ ಹಾಕಿದ್ದು. ಮಾಂಸವಿಲ್ಲದೆ ಬರೀ ಬದನೆಕಾಯಿ ಮೊಸರು ಕೊಡ್ತೀರಾ ಅಂತ ಮನೆಯವರಿಗಾಗಿ ಕೇಳಿ ನೋಡಿ. ಅದು ನಮ್ಮ ಬದನೆಕಾಯಿ ಮೊಸರು ಬಜ್ಜಿಯ ಹತ್ತಿರದ ಸಂಬಂಧಿ ಅಲ್ವಾ! ಅಲ್ಲಿನ ಲಹ್ಮಜುನ್ ಅನ್ನುವ ತೆಳು ರೊಟ್ಟಿಗೆ ಈರುಳ್ಳಿಯ ಬದಲು ಬೆಳ್ಳುಳ್ಳಿ ಹಾಕುತ್ತಾರೆ, ಆ ಘಮವೇ ಬೇರೆ. ಅದರಲ್ಲಿ ಕೈಮಾ ಇರುತ್ತದೆ, ಮನೆಯವರಿಗೆ ಬೇಡ.

ಅವರಿಗೆ ರಾತ್ರಿ ಚೀ ಕೊಫ್ತೆ ಸರಿಯಾಗುತ್ತದೆ. ಹಳೇ ಕಾಲದಲ್ಲಿ ಹಸಿ ಮಾಂಸದಿಂದ ಮಾಡುತ್ತಿದ್ದರು. ಈಗ ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚು, ಮೆಣಸಿನ ಪೇಸ್ಟ್, ಮಸಾಲೆ ಹಾಕಿ ನಾದಿದ್ದು. ಲೆಟ್ಯೂಸ್ ಎಲೆಯಲ್ಲಿ ಸುತ್ತಿ, ನಿಂಬೆ ಹಿಂಡಿ ತಿನ್ನಬೇಕು. ಮೆಣಸು, ಅಕ್ರೋಟ್ ರುಬ್ಬಿದ ಮುಹಮ್ಮರ ಚಟ್ನಿಯನ್ನೂ ಹೇಳಿ.

ಇನ್ನು ಬಕ್ಲಾವಾ, ಅಂದರೆ ತೆಳು ಹಿಟ್ಟಿನ ಪದರಗಳ ನಡುವೆ ಪಿಸ್ತಾ ಇಟ್ಟು ಸುಟ್ಟು, ಪಾಕ ಹುಯ್ದ ಸಿಹಿ. ಈ ಊರಿನ ಬಕ್ಲಾವಾಗೆ 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತು ಸಿಕ್ಕಿತು, ಟರ್ಕಿಯ ಪದಾರ್ಥಗಳಲ್ಲಿ ಅದೇ ಮೊದಲನೆಯದು. ಪಿಸ್ತಾ ಪೂರ್ತಿ ಬಲಿಯುವ ಮುಂಚೆಯೇ ಕಿತ್ತು ಇದಕ್ಕೆ ಬಳಸುತ್ತಾರೆ. ಅದಕ್ಕೇ ಅಷ್ಟು ಹಸಿರು, ಅಷ್ಟು ಘಮ. ತುಪ್ಪ ಗಮಗಮ ಅನ್ನುತ್ತದೆ. ಚಮಚದಲ್ಲಿ ಕತ್ತರಿಸಬೇಡಿ. ಫೋರ್ಕಿಗೆ ಚುಚ್ಚಿ, ತಲೆಕೆಳಗು ಮಾಡಿ ಬಾಯಿಗಿಡಿ, ಆಗ ಪಾಕ ಇಳಿದ ತಳದ ಭಾಗ ಮೊದಲು ಅಂಗುಳಕ್ಕೆ ತಾಗುತ್ತದೆ. ಇಮಾಮ್ ಚಾದಾಶ್‌ನಲ್ಲೂ ಸಿಗುತ್ತದೆ, ಆದರೆ ನನಗೆ ಕೊಚಾಕ್ ಅಂಗಡಿಯದು ಒಂದು ಕೈ ಮೇಲು. ಮನೆಯವರು ಮೊಟ್ಟೆಯನ್ನೂ ತಿನ್ನದಿದ್ದರೆ ಒಂದು ವಿಷಯ ಗೊತ್ತಿರಲಿ: ಬಕ್ಲಾವಾದ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಸಂಜೆ ತಹ್ಮಿಸ್ ಕಾಫಿ ಅಂಗಡಿಗೆ ಹೋಗಿ. 1635ರಷ್ಟು ಹಳೆಯದು. ಅಲ್ಲಿ ಮೆನೆಂಗಿಚ್ ಕುಡಿಯಿರಿ. ಪಿಸ್ತಾ ಜಾತಿಯ ಕಾಡುಗಿಡದ ಕಾಯಿ ಹುರಿದು ಅರೆದು ಮಾಡುವ ಕಾಫಿ, ಕೆಫೀನ್ ಇಲ್ಲ.

ಊರಿಗೆ ಬಕ್ಲಾವಾ ತರುವುದಾದರೆ ಪಾಕ ಕಮ್ಮಿ ಇರುವ ‘ಕುರು ಬಕ್ಲಾವಾ’ ಕೇಳಿ. ಅದು ಜಾಸ್ತಿ ದಿನ ಇರುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತುಪ್ಪ ಗಟ್ಟಿಯಾಗಿ ಗರಿಗರಿ ಹೋಗುತ್ತದೆ.