ಚಿಯಾ ನೆನೆಯಲಿ, ಮುದ್ದೆ ಮುದ್ದೆಯಾಗಿಯೇ ಇರಲಿ

ಒಲೆ ಮುಂದೆ: ಓದುಗರ ಪ್ರಶ್ನೆ, ಹಾಸನದ ಅಕ್ಕನ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಚಿಯಾ ಬೀಜದ್ದೇ ದರ್ಬಾರು. ಉಪ್ಪಿನಕಾಯಿ ಬೂಸಲು ಬಂದವರು, ಕೋಡುಬಳೆ ಸಿಡಿಸಿಕೊಂಡವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗಳು ಹಬ್ಬಕ್ಕೆ ಬಂದಾಗ ಒಂದು ಪೊಟ್ಟಣ ಚಿಯಾ ಬೀಜ ಇಟ್ಟು ಹೋಗಿದ್ದಾಳೆ. ಬರೀ ಹೊಟ್ಟೆಗೆ ನಿಂಬೆರಸದ ಜೊತೆ ಕುಡಿದರೆ ತೂಕ ಇಳಿಯುತ್ತದಂತೆ, ನಿಜವೇ? ಅತ್ತೆ ಇದನ್ನು ನೋಡಿ ‘ಇದು ನಮ್ಮ ಕಾಮಕಸ್ತೂರಿ ಬೀಜ ಅಲ್ವೇನೇ’ ಅನ್ನುತ್ತಾರೆ. ನಾನು ನೆನೆಸಿದರೆ ಗಂಟು ಗಂಟಾಗುತ್ತದೆ. (ಗೃಹಿಣಿ, ಸಕಲೇಶಪುರ)

ಉತ್ತರ: ಅತ್ತೆಯವರ ಕಣ್ಣು ಪೂರ್ತಿ ತಪ್ಪಿಲ್ಲ. ಎರಡೂ ತುಳಸಿ, ದೊಡ್ಡಪತ್ರೆ ಇರುವ ಕುಟುಂಬದವೇ. ಆದರೆ ಬೀಜ ಬೇರೆ. ಅಂಗೈ ಮೇಲೆ ಹರಡಿ ನೋಡಿ: ಕಾಮಕಸ್ತೂರಿ ಒಂದೇ ಸಮನೆ ಕಪ್ಪು, ಚಿಯಾ ಬೂದು ಬಣ್ಣದ್ದು, ಮೈಮೇಲೆ ಸಣ್ಣ ಚುಕ್ಕೆ, ನಡುನಡುವೆ ಬಿಳಿ ಬೀಜ. ಕಾಮಕಸ್ತೂರಿ ನೀರಿಗೆ ಬಿದ್ದ ಐದೇ ನಿಮಿಷಕ್ಕೆ ಉಬ್ಬುತ್ತದೆ, ಚಿಯಾಕ್ಕೆ ಅರ್ಧ ಗಂಟೆಯಾದರೂ ಬೇಕು. ಇದರ ತವರು ಮೆಕ್ಸಿಕೊ, ಗ್ವಾಟೆಮಾಲಾ ಕಡೆ.

ಗಂಟಾಗುವುದು ನೀರು ಹಾಕಿ ಹಾಗೇ ಬಿಟ್ಟುಬಿಡುವುದರಿಂದ. ಒಂದು ದೊಡ್ಡ ಚಮಚ ಬೀಜಕ್ಕೆ ಮುಕ್ಕಾಲು ಲೋಟ ನೀರು ಹಾಕಿ ತಕ್ಷಣ ಕದಡಿ. ಐದು ನಿಮಿಷ ಬಿಟ್ಟು ತಳದಿಂದ ಎತ್ತಿ ಇನ್ನೊಮ್ಮೆ ಕದಡಿ. ಆಗ ಒಂದೊಂದು ಬೀಜದ ಸುತ್ತ ಲೋಳೆ ಕಟ್ಟಿಕೊಂಡು, ನಡುವೆ ಕರೀ ಚುಕ್ಕೆ ಕಾಣುವ ಹಾಗೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ತನ್ನ ತೂಕದ ಹತ್ತು ಪಟ್ಟು ನೀರನ್ನು ಸಲೀಸಾಗಿ ಹೀರುವ ಬೀಜ ಇದು. ಅದಕ್ಕೇ ಒಣಗಿದ್ದನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಬಾರದು. ಅಮೆರಿಕದಲ್ಲಿ ಹಾಗೆ ಮಾಡಿದ ಒಬ್ಬರಿಗೆ ಅನ್ನನಾಳದಲ್ಲೇ ಉಬ್ಬಿ ಕೂತು, ವೈದ್ಯರು ಕೊಳವೆ ಇಳಿಸಿ ಅಡಚಣೆ ಬಿಡಿಸಬೇಕಾಯಿತು. 2014ರಲ್ಲಿ ಅಲ್ಲಿನ ಜಠರ ತಜ್ಞರ ಸಮ್ಮೇಳನದಲ್ಲೇ ಈ ಪ್ರಕರಣ ಮಂಡನೆಯಾಗಿದೆ.

ಇನ್ನು ತೂಕ. ಬೀಜ ಹೊಟ್ಟೆ ತುಂಬಿದ ಹಾಗೆ ಮಾಡುತ್ತದೆ, ಅಷ್ಟೇ. ಅದನ್ನು ಕುಡಿದು, ಹತ್ತು ಗಂಟೆಗೆ ಕಾಫಿ ಜೊತೆ ನಾಲ್ಕು ನಿಪ್ಪಟ್ಟು ತಿಂದರೆ ಚಿಯಾ ಏನು ಮಾಡೀತು? ನಿಂಬೆರಸ ರುಚಿಗೆ, ಬೇಕಾದರೆ ಹಿಂಡಿ. ನನ್ನನ್ನು ಕೇಳಿದರೆ, ನೀರು ಮಜ್ಜಿಗೆಗೆ ಶುಂಠಿ, ಕರಿಬೇವು, ಉಪ್ಪು ಹಾಕಿ, ನೆನೆದ ಚಿಯಾ ಕದಡಿ ಮಧ್ಯಾಹ್ನ ಕುಡಿಯುವುದೇ ಮೇಲು. ಕಾಲು ಶತಮಾನದಿಂದ ಅಡುಗೆ ಬರೆಯುತ್ತಿದ್ದೇನೆ, ‘ಬರೀ ಹೊಟ್ಟೆ’ ಅನ್ನುವ ಪದಕ್ಕೆ ಜನ ಕೊಡುವಷ್ಟು ಮರ್ಯಾದೆ ಸೊಪ್ಪುಸಾರಿಗೆ ಕೊಟ್ಟಿದ್ದು ನೋಡಿಲ್ಲ.

ಪ್ರಶ್ನೆ: ಮಾವನವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಎರಡು ಹೊತ್ತೂ ಮುದ್ದೆ ಬೇಕು, ಬೇರೇನು ಕೊಟ್ಟರೂ ಮುಟ್ಟುವುದಿಲ್ಲ. ಕ್ಯಾಲ್ಸಿಯಂ ಜಾಸ್ತಿ ಇದೆಯಂತಲ್ಲ, ಮುದ್ದೆಗೇ ಚಿಯಾ ಸೇರಿಸಿಬಿಡಲೇ? (ಸೊಸೆ, ಅರಸೀಕೆರೆ)

ಉತ್ತರ: ಬೇಡಮ್ಮ. ಕುದಿಯುವ ಎಸರಿಗೆ ಚಿಯಾ ಬಿದ್ದರೆ ಲೋಳೆ ಬಿಟ್ಟುಕೊಂಡು ಮುದ್ದೆ ಬಿಗಿಯಾಗುವುದಿಲ್ಲ, ಕೋಲಿಗೂ ಕೈಗೂ ಅಂಟುತ್ತದೆ. ಮುದ್ದೆ ನುಂಗುವ ನಮ್ಮ ಹಾಸನದ ಗಂಟಲು ನಯ ಕೇಳುತ್ತದೆ. ನಡುವೆ ಕಾಳು ಸಿಕ್ಕಿದರೆ ಮಾವನವರು ತಟ್ಟೆ ಸರಿಸುವುದು ಗ್ಯಾರಂಟಿ.

ಲೆಕ್ಕವನ್ನೂ ನೋಡಿ. ನೂರು ಗ್ರಾಂ ಚಿಯಾದಲ್ಲಿ ಸುಮಾರು 630 ಮಿಲಿಗ್ರಾಂ ಕ್ಯಾಲ್ಸಿಯಂ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350. ಕೇಳಿದರೆ ಚಿಯಾ ಗೆದ್ದಿತು ಅನ್ನಿಸುತ್ತದೆ. ಆದರೆ ನೂರು ಗ್ರಾಂ ಚಿಯಾ ಯಾರು ತಿನ್ನುತ್ತಾರೆ? ಒಂದು ದೊಡ್ಡ ಚಮಚ ಅಂದರೆ 12 ಗ್ರಾಂ, ಅದರಲ್ಲಿ ಸಿಗುವುದು 75 ಮಿಲಿಗ್ರಾಂ. ನೂರು ಗ್ರಾಂ ಹಿಟ್ಟಿನ ಮುದ್ದೆ ಅದರ ನಾಲ್ಕರಷ್ಟಕ್ಕಿಂತ ಹೆಚ್ಚು ಕೊಡುತ್ತದೆ. ಆ ಚಮಚದ ನಿಜವಾದ ಲಾಭ ನಾಲ್ಕು ಗ್ರಾಂ ನಾರು, ಎರಡು ಗ್ರಾಂ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು. ಆ ಒಮೆಗಾ-3 ಅಗಸೆಯಲ್ಲಿ ಇನ್ನೂ ಹೆಚ್ಚು, ಬೆಲೆಯೂ ಕಡಿಮೆ. ಅಗಸೆಯನ್ನು ಹುರಿದು ಪುಡಿ ಮಾಡಬೇಕು, ಇಡೀ ಬೀಜ ಹಾಗೇ ಹೊರಗೆ ಹೋಗಿಬಿಡುತ್ತದೆ. ಚಿಯಾಕ್ಕೆ ಆ ಕೆಲಸವಿಲ್ಲ, ನೆನೆಸಿದರಾಯಿತು.

ಮಾವನವರಿಗೆ ಕೊಡಲೇಬೇಕೆಂದಿದ್ದರೆ ಬೆಳಗಿನ ರಾಗಿ ಅಂಬಲಿಗೆ ಒಂದು ಸಣ್ಣ ಚಮಚದಷ್ಟು, ಚೆನ್ನಾಗಿ ನೆನೆಸಿ ಹಾಕಿ. ಅದಕ್ಕೂ ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರನ್ನು ಒಂದು ಮಾತು ಕೇಳಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಂತೂ ಕೇಳದೆ ಮುಟ್ಟಬೇಡಿ.

ಪ್ರಶ್ನೆ: ಅಕ್ಕಿರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ. ಪಕ್ಕದ ಮನೆಯವರು ಚಿಯಾ ಹಾಕಿ ಅಂತಾರೆ. ಹಾಗೇ ಗಸಗಸೆ ದುಬಾರಿಯಾಗಿದೆ, ಪಾಯಸಕ್ಕೆ ಚಿಯಾ ನಡೆಯುತ್ತದೆಯೇ? (ಓದುಗರು, ಮೂಡಿಗೆರೆ)

ಉತ್ತರ: ಪಕ್ಕದ ಮನೆಯವರು ಹೇಳಿದ್ದು ಸರಿ. ಅಕ್ಕಿಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ, ಅದಕ್ಕೇ ಬಿರಿಯುತ್ತದೆ. ಚಿಯಾ ಲೋಳೆ ಆ ಕೊರತೆ ತುಂಬುತ್ತದೆ. ಎರಡು ಲೋಟ ಹಿಟ್ಟಿಗೆ ನೆನೆದ ಚಿಯಾ ಎರಡು ದೊಡ್ಡ ಚಮಚ, ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕಾಯಿತುರಿ. ಚಿಯಾದಲ್ಲೇ ನೀರಿರುವುದರಿಂದ ಬಿಸಿನೀರನ್ನು ಕೈ ಹಿಡಿದು ಹಾಕಿ. ಕಲಸಿ ಕಾಲು ಗಂಟೆ ಮುಚ್ಚಿಡಿ. ಬಾಳೆಎಲೆ ಮೇಲೆ ತಟ್ಟಿ, ಎಲೆಯ ಸಮೇತ ಕಾವಲಿಗೆ ಮಗುಚಿ, ಬಾಡಿದ ಎಲೆ ಬಿಡಿಸಿದಾಗ ಅಂಚು ಒಡೆದಿರುವುದಿಲ್ಲ. ಹಿಟ್ಟಿನ ಬಣ್ಣ ಸ್ವಲ್ಪ ಬೂದಾಗುತ್ತದೆ, ಮಕ್ಕಳು ಕೇಳಿದರೆ ಎಳ್ಳು ಅನ್ನಿ.

ಗಸಗಸೆ ಪಾಯಸಕ್ಕೆ ಖಂಡಿತ ಬೇಡ. ಗಸಗಸೆಯನ್ನು ಹುರಿದಾಗ ಬರುವ ಆ ಘಮ, ಅಕ್ಕಿ ಕಾಯಿ ಜೊತೆ ರುಬ್ಬಿದಾಗ ಬರುವ ನಯ ಚಿಯಾಕ್ಕೆ ಬರುವುದಿಲ್ಲ. ರುಚಿಯಲ್ಲಿ ಅದು ಮೂಗ. ಅದರ ಬದಲು ಕಾಯಿಹಾಲಿಗೆ ಬೆಲ್ಲ, ಏಲಕ್ಕಿ ಕದಡಿ, ರಾತ್ರಿಯೇ ಚಿಯಾ ಹಾಕಿಟ್ಟು ಬೆಳಿಗ್ಗೆ ಬಾಳೆಹಣ್ಣು ಹೆಚ್ಚಿಹಾಕಿ ಕೊಡಿ. ಹಸುವಿನ ಹಾಲಿಗೆ ಬೆಲ್ಲ ಹಾಕಿ ಒಡೆದುಕೊಳ್ಳುವ ಭಯವೂ ಇಲ್ಲ. ಫ್ರಿಜ್ಜಿನಲ್ಲಿಡಿ, ಕಾಯಿಹಾಲು ಹೊರಗಿಟ್ಟರೆ ಹಳಸುತ್ತದೆ.

ಪ್ರಶ್ನೆ: ಆಲೂಗಡ್ಡೆ ಕೈಕೊಡುತ್ತಿದೆ. ಚಿಯಾ ಬೆಳೆಯಬಹುದೇ? (ರೈತ, ಹಾಸನ ತಾಲ್ಲೂಕು)

ಉತ್ತರ: ಅಡುಗೆ ಅಂಕಣಕ್ಕೆ ಬೇಸಾಯದ ಪ್ರಶ್ನೆ! ಗೊತ್ತಿರುವಷ್ಟು ಹೇಳುತ್ತೇನೆ. ಈ ಬೆಳೆಯನ್ನು ನಮ್ಮ ರೈತರಿಗೆ ಪರಿಚಯಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ. ಎಚ್.ಡಿ. ಕೋಟೆ ಕಡೆ ಬೆಳೆದವರಿದ್ದಾರೆ. ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡ, ನೀರು ನಿಲ್ಲುವ ಹೊಲ ಆಗದು. ಬಿತ್ತುವ ಮೊದಲೇ ಕೊಳ್ಳುವವರು ಯಾರು, ಯಾವ ದರಕ್ಕೆ ಎಂದು ಗೊತ್ತು ಮಾಡಿಕೊಳ್ಳಿ, ಎಲ್ಲ ಎಪಿಎಂಸಿಯಲ್ಲೂ ಇದನ್ನು ಕೇಳುವವರಿರುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಡಬ್ಬಿಯ ಚಿಯಾ ಅಂಟಿಕೊಳ್ಳುತ್ತದೆ. (ಕೊಪ್ಪ)

ಉತ್ತರ: ಒದ್ದೆ ಚಮಚ ಹಾಕಿದ್ದೀರಿ, ಇಲ್ಲವೇ ಮುಚ್ಚಳ ಸಡಿಲ. ಗಾಜಿನ ಬಾಟಲಿಗೆ ತುಂಬಿ, ಒಲೆಯಿಂದ ದೂರ ಇಡಿ. ಕಮಟು ವಾಸನೆ ಬಂದಿದ್ದರೆ ಎಸೆಯಿರಿ.